ಹೊಸ್ತಿಲಲ್ಲಿ ಮರೆತ ಒಡಪು

ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಒಡಪು ಕಟ್ಟಿ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಮರಾಠಿಯವರಲ್ಲೂ ಅದೇ ಪದ್ಧತಿ. ಅವರು ಉಖಾಣಾ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಊಟ, ಉಡುಗೊರೆ, ಮುಹೂರ್ತ ಯಾವುದಕ್ಕೂ ತಕರಾರು ಬರಲಿಲ್ಲ. ಬಂದದ್ದು ಈ ಎರಡು ಸಾಲಿಗೆ.

ಅಪ್ಪ ಅನಗೋಳದವರು, ಕನ್ನಡ ಸಾಲೆಯ ಮಾಸ್ತರರಾಗಿ ನಿವೃತ್ತರಾದವರು. ರಾಜ್ಯೋತ್ಸವದ ಮೆರವಣಿಗೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಹೋಗುತ್ತಾರೆ. ಮಾವ ಖಾನಾಪುರದವರು, ಮರಾಠಿಯವರು, ಫೌಜಿನಲ್ಲಿದ್ದು ಬಂದವರು. ಅದೇ ದಿನ ತೋಳಿಗೆ ಕಪ್ಪುಪಟ್ಟಿ ಕಟ್ಟುತ್ತಾರೆ; ಖಾನಾಪುರ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಹಟ. ದೇಶದ ಮಾತು ಬಂದರೆ ಮಾತ್ರ ಇಬ್ಬರೂ ಒಂದೇ. ನಿಶ್ಚಯದ ದಿನ ಮಾವ ಹಿಮದಲ್ಲಿ ಕಾವಲು ಕಾದ ಕಥೆ ಹೇಳಿದರು. ಹೇಳಿದವರೂ ಕೇಳಿದ ಅಪ್ಪನೂ ಕಣ್ಣೊರೆಸಿಕೊಂಡರು. ಇಡೀ ಹಿಮಾಲಯ ನಮ್ಮದು ಎನ್ನಲು ಇಬ್ಬರಿಗೂ ತಡವಾಗಲಿಲ್ಲ. ಖಾನಾಪುರ ಯಾರದು ಎಂಬಲ್ಲಿಗೆ ಬಂದಾಗ ಚಹಾ ಆರಿಹೋಯಿತು.

"ನಮ್ಮ ಮನ್ಯಾಗ ಉಖಾಣಾ ಮರಾಠಿದಾಗನ ಆಗಬೇಕ್ರೀ," ಎಂದರು ಮಾವ.

"ನನ್ನ ಮಗಳು ಕನ್ನಡದಾಗ ಹೇಳತಾಳ. ಇಲ್ಲಂದ್ರ ನಾ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ," ಎಂದರು ಅಪ್ಪ.

ನನಗೆ ಮೈಯೆಲ್ಲ ಉರಿಯಿತು. ಹೆಸರು ನನ್ನ ಗಂಡನದು, ಹೇಳುವ ಬಾಯಿ ನನ್ನದು, ನಡುವೆ ಇವರ ಎರಡು ರಾಜ್ಯಗಳು! ಆದರೂ ಭಯವಿತ್ತು. ಅಪ್ಪ ಉಣ್ಣದೆ ತಿರುಗಿ ಹೋದರೆ ಆ ಮನೆಯಲ್ಲಿ ನನ್ನ ಮೊದಲ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮದುವೆ ಮುಗಿಸಿ ಖಾನಾಪುರಕ್ಕೆ ಬಂದೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಬಾಗಿಲಿಗೆ ಅಡ್ಡನಿಂತ ನಾದಿನಿಯ ಕೈಯಲ್ಲಿ ಮೊಬೈಲು. ಅಪ್ಪ ಅಂಗಳದಲ್ಲೇ ಕೈಕಟ್ಟಿ ನಿಂತರು. ಮಾವ ಒಳಗೆ ಮೀಸೆ ತಿರುವುತ್ತಿದ್ದರು. ದೇವರ ಮೇಲೆ ಭಾರ ಹಾಕಿ, ಅಜ್ಜಿ ಕಲಿಸಿದ ಹಳೆಯ ಒಡಪನ್ನೇ ಶುರು ಮಾಡಿದೆ.

"ಹಸರ ಬಳಿ ತೊಟ್ಟು ಹೊಸ್ತಿಲಕ ನಿಂತೇನ..."

ಮಾವನ ಮುಖ ನೋಡಿದ್ದೇ ತಡ, ಮುಂದಿನ ಸಾಲು ಮರೆತೇಹೋಯಿತು. ಮತ್ತೊಮ್ಮೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಒಳಗಿನಿಂದ ಕವಾಯತಿನ ದನಿಯಲ್ಲಿ ಬಂತು, "...ಅವರ ಹೆಸರ ಹೇಳಿ ಮನಿಯೊಳಗ ಬಂದೇನ!"

ತಡೆಯಲಾರದೆ ಸಾಲು ಪೂರ್ತಿ ಮಾಡಿದವರು ಮಾವ. ಆ 'ಅವರ' ಎಂಬುದರ ಹಿಂದೆ ಅವರು ಕೂಡಿಸಿದ್ದು ನನ್ನ ಗಂಡನ ಹೆಸರಲ್ಲ, ತಮ್ಮದೇ ಹೆಸರು!

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಬೈಲಹೊಂಗಲ ಕಡೆಯ ಕನ್ನಡದ ಮನೆಯವರು ಅವರು. ಸೊಸೆಯಾಗಿ ಬಂದ ದಿನ ಇದೇ ಬಾಗಿಲಲ್ಲಿ ಇದೇ ಒಡಪು ಹೇಳಿದ್ದರಂತೆ.

"ಬೀಗರ, ಇದು ಅಚ್ಚ ಕನ್ನಡ ಆತಲ್ರೀ?" ಅಪ್ಪ ಅಂಗಳದಿಂದಲೇ ಕೂಗಿದರು.

ಮಾವನ ಮುಖ ಕೆಂಪಾಯಿತು. "ಅದು ನಿಮ್ಮ ಸರಕಾರದ ಕನ್ನಡ ಅಲ್ರೀ ಮಾಸ್ತರ, ನನ್ನ ಹೆಂಡ್ತೀದು!"

ಅಪ್ಪ ಹೊಟ್ಟೆ ಹಿಡಿದು ನಗುತ್ತ ಬಂದವರು, ಸೇರು ದಾಟಿ, ಮಾವನ ಹೆಗಲಿಗೆ ಕೈಹಾಕಿ ಊಟಕ್ಕೆ ಒಳಗೆ ನಡೆದೇಬಿಟ್ಟರು. ಮದುಮಗಳು ನಾನು ಇನ್ನೂ ಹೊರಗೇ ನಿಂತಿದ್ದೆ.