ಬಾನೆಟ್ಟಿನ ಕೆಳಗಿನ ಸೇವಂತಿಗೆ

ನನ್ನ ಜೀಪು ನನಗಿಂತ ಎರಡು ವರ್ಷ ದೊಡ್ಡದು. ಕಲ್ಲು, ಕೆಸರು, ಗುಡ್ಡ ಹತ್ತಲೆಂದು ಮಾಡಿದ ಗಾಡಿ. ನನ್ನ ಕೈಗೆ ಬಂದ ಮೇಲೆ ಅದು ಹತ್ತಿದ ಅತಿ ಎತ್ತರದ ಜಾಗವೆಂದರೆ ಲಂಡನ್ನಿನ ಈಸ್ಟ್ ಹ್ಯಾಮ್‌ನ ನಮ್ಮ ಬೀದಿಯ ಫುಟ್‌ಪಾತು. ಬೆಂಗಳೂರಿನಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆಂದು ಇಲ್ಲಿಗೆ ಬಂದವಳು ನಾನು. ಇಡೀ ದಿನ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬು. ಆದರೆ ಕಂಪ್ಯೂಟರಿನ ತಪ್ಪು ಕೈಗೆ ಸಿಗುವಂಥದ್ದಲ್ಲ. ಜೀಪಿನ ತಪ್ಪಿಗೆ ವಾಸನೆಯಿದೆ, ಬಿಸಿಯಿದೆ, ಉಗುರಿನೊಳಗೆ ನಾಲ್ಕು ದಿನ ಉಳಿಯುವ ಕಪ್ಪಿದೆ. ಅದಕ್ಕೇ ನನಗೆ ಅದೆಂದರೆ ಪ್ರಾಣ.

ನನ್ನ ಗಂಡನಿಗೆ ಅದನ್ನು ಕಂಡರಾಗದು. ಅವರು ಕುಂದಾಪುರದವರು, ಇಲ್ಲಿನ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರು. ಒಲೆ ಹಚ್ಚಿದರೆ ಹತ್ತಬೇಕು, ಹತ್ತದ ಒಲೆಯನ್ನು ಎಸೆಯಬೇಕು ಎಂಬ ಪಂಗಡ. ಹೊಸ ಕಾರು ಕೊಳ್ಳೋಣವೆಂದು ವರ್ಷದಿಂದ ರಾಗ ಎಳೆಯುತ್ತಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಶರದೃತುವಿನಲ್ಲಿ ಅತ್ತೆ ನಮ್ಮ ಜೊತೆ ಇದ್ದರು. ಅವರಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ತನ್ನಿಂದ ತಪ್ಪಾಯಿತೆಂದು ಒಪ್ಪಿಕೊಳ್ಳುವುದಂತೂ ಮೊದಲೇ ಗೊತ್ತಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಈ ದೇಶದ ಉಪ್ಪೇ ಸರಿಯಿಲ್ಲ, ಹಾಲು ಉಕ್ಕಿದರೆ ಪಾತ್ರೆಯೇ ಗಿಡ್ಡ. ಆದರೂ ಮನೆಯಲ್ಲಿ ಜೀಪಿನ ಪಕ್ಷ ವಹಿಸುತ್ತಿದ್ದವರು ಅವರೊಬ್ಬರೇ. ಎತ್ತರದ ಸೀಟಿನಲ್ಲಿ ಕೂತರೆ ಲಂಡನ್ನೆಲ್ಲ ಕಾಣುತ್ತದೆಂದು ಅವರಿಗೆ ಖುಷಿ.

ಆಯುಧಪೂಜೆಯ ಬೆಳಿಗ್ಗೆ ಅತ್ತೆ ಜೀಪಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟು ತೆಗೆಯಲು ಹೇಳಿದರು.

“ಇದ್ರ್ ಜೀವ ಎಲ್ಲಿತ್ತ್, ಹೆಣೆ?” ಹೆಣೆ ಎಂದರೆ ಅವರ ಕುಂದಾಪುರದ ಮಾತಿನಲ್ಲಿ ಹುಡುಗಿ.

ಒಳಗಿನ ಬದಿಗೆ ಬಿಗಿದಿದ್ದ ಕಾಯಿಲನ್ನು ತೋರಿಸಿದೆ. ಸಣ್ಣ ಡಬ್ಬಿಯಂಥದ್ದು. “ಬ್ಯಾಟರಿಯ ಕರೆಂಟನ್ನ ಜೋರು ಮಾಡಿ ಕಿಡಿ ಹಾರಿಸೋದು ಇದೇ ಅತ್ತೆ. ಇದಿಲ್ಲದಿದ್ರೆ ಗಾಡಿ ಹೆಣ.”

“ಹಬ್ಬದ್ ದಿನ ಹೆಣ ಗಿಣ ಅಂಬುದಾ?” ಎಂದು ಗದರಿದರು. ನಾನು ಆರತಿ ತಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಾಯಿಲಿನ ಕುತ್ತಿಗೆಗೆ ಹಳದಿ ಸೇವಂತಿಗೆಯ ಪುಟ್ಟ ಹಾರ ಬಿದ್ದಿತ್ತು. “ದೇವ್ರ್ ಹೂ. ಒಣಗು ತನ್ಕ ತೆಗುಕಾಗ” ಎಂದರು. ಒಣಗುವವರೆಗೆ ತೆಗೆಯುವಂತಿಲ್ಲ. ಬಾಳೆನಾರು ಸಿಗದ ಊರಿನಲ್ಲಿ ಅದನ್ನು ಯಾವುದರಲ್ಲಿ ಕಟ್ಟಿದರೆಂದು ನಾನು ಕೇಳಲಿಲ್ಲ.

ಆ ಶನಿವಾರ, ಪೂಜೆಯ ಮೇಲೆ ಮೊದಲ ಸಲ ಗಾಡಿ ತೆಗೆದು, ಮೂವರೂ ಅತ್ತೆಗೆ ಚಳಿಯ ಕೋಟು ಕೊಳ್ಳಲು ಸ್ಟ್ರಾಟ್‌ಫರ್ಡ್‌ಗೆ ಹೊರಟೆವು. ಮಾಲಿನ ಹತ್ತಿರದ ಸಿಗ್ನಲ್ಲಿನಲ್ಲಿ ಜೀಪು ಕೆಮ್ಮಿ ನಿಂತಿತು. ಹಿಂದೆ ಎರಡು ಬಸ್ಸು. ಇಳಿದು ಬಾನೆಟ್ಟು ತೆಗೆದೆ. ಹಾರವನ್ನು ಮೆಲ್ಲಗೆ ಎತ್ತಿ, ಕಣ್ಣಿಗೊತ್ತಿಕೊಂಡು, ಕನ್ನಡಿಗೆ ತೂಗುಹಾಕಿ, ವೈರುಗಳನ್ನೆಲ್ಲ ಒಮ್ಮೆ ಅದುಮಿ ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಸ್ಟಾರ್ಟ್! ಹಾರವನ್ನು ಇದ್ದಲ್ಲಿಟ್ಟು ಹೊರಟರೆ ಮುಂದಿನ ತಿರುವಿನಲ್ಲಿ ಮತ್ತೆ ನಿಂತಿತು.

“ಮೂರನೇ ಸಲ ನಿಂತ್ರೆ?” ಎಂದರು ಗಂಡ, ಬಹಳ ಮೆತ್ತಗೆ.

ಮೆತ್ತಗೆ ಕೇಳಿದರೆ ನನಗೆ ಕೋಪ ಹೆಚ್ಚು. “ಮಾರಿಬಿಡಿ!” ಎಂದು ಕೂಗಿದೆ. ಕೋಟು ಕೊಂಡು ಮರಳುವಾಗ ಮೂರನೇ ಸಲವೂ ನಿಂತಿತು.

ಆ ಸಂಜೆಯೇ ಅವರು ಫೋನು ಮಾಡಿ ಎಸೆಕ್ಸ್ ಕಡೆಯ ಒಬ್ಬನನ್ನು ಗೊತ್ತುಮಾಡಿದರು. ಹಳೆಯ ಜೀಪು ಕೊಂಡು, ಬಿಚ್ಚಿ, ಬಿಡಿಭಾಗ ಮಾರುವವನು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಟ್ರೈಲರ್ ತರುತ್ತೇನೆಂದ. ಬಿಚ್ಚುವುದು ಎಂಬ ಮಾತು ಕೇಳಿ ಬೇಡವೆನ್ನಲು ಹೊರಟೆ. ಆದರೆ ಮಾರಿಬಿಡಿ ಎಂದವಳು ನಾನೇ. ಅಷ್ಟರೊಳಗೆ ತಪ್ಪು ಹಿಡಿದರೆ ಮಾತ್ರ ಗಾಡಿ ಉಳಿದೀತು.

ಭಾನುವಾರವಿಡೀ ಹುಡುಕಿದೆ. ಬ್ಯಾಟರಿ ಸರಿಯಿತ್ತು. ಪ್ಲಗ್ಗುಗಳನ್ನು ಒರೆಸಿದೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ಉಜ್ಜಿದೆ, ಕಂಡೆನ್ಸರ್ ಬದಲಿಸಿದೆ. ಕಾಯಿಲ್ ಮುಟ್ಟಲಾರದಷ್ಟು ಕಾದಿತ್ತು. ಸಿಕ್ಕಿತು ಕಳ್ಳ ಎಂದು ಹಿಗ್ಗಿ ಹೊಸ ಕಾಯಿಲ್ ಹಾಕಿದೆ. ಪ್ರತಿಸಲವೂ ಮೊದಲು ಹಾರ ಎತ್ತಿ ಕಣ್ಣಿಗೊತ್ತಿಕೊಂಡು ಕನ್ನಡಿಗೆ ಹಾಕುತ್ತಿದ್ದೆ, ಕೆಲಸ ಮುಗಿದ ಮೇಲೆ ಮತ್ತೆ ಕಾಯಿಲಿನ ಕುತ್ತಿಗೆಗೆ. ಬಾನೆಟ್ಟು ತೆರೆದು ನಿಲ್ಲಿಸಿದರೆ ಕಾಲು ಗಂಟೆ ಓಡಿದರೂ ಇಂಜಿನ್ನು ಒಂದು ಸಲ ಮುಗ್ಗರಿಸುವುದಿಲ್ಲ. ಮುಚ್ಚಿ ಬೀದಿಗೆ ಇಳಿಸಿದರೆ ಮೂಲೆ ತಿರುಗುವಷ್ಟರಲ್ಲಿ ಸ್ತಬ್ಧ. ಹೊಸ ಕಾಯಿಲೂ ಕಾದು ಕೆಂಡ. ನಾಲ್ಕು ಸಲ ಬೀದಿಯವರು ತಳ್ಳಿ ತಂದರು. ಐದನೆಯ ಸಲ ಅವರನ್ನು ಕರೆಯಲು ನನಗೇ ನಾಚಿಕೆಯಾಯಿತು.

ಸೋಮವಾರ ರಜೆ ಹಾಕಿದೆ. ಗಂಡನಿಗೂ ಅಂದು ವಾರದ ರಜೆ. ಹನ್ನೊಂದೂವರೆಗೆ ಮತ್ತೆ ಹಾರ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು.

“ನೀನ್ ಹೂ ತೆಗ್ದ್ರೆ ಸ್ಟಾರ್ಟ್ ಆತ್ತ್. ಹೂ ಇಟ್ರೆ ನಿಂತ್ ಹೋತ್ತ್. ನಿನ್ನೆಯಿಂದ ಕಾಣ್ತಾ ಇದ್ದೆ” ಎಂದರು.

ನನಗೆ ರೇಗಿತು. “ಹೂವಿನಲ್ಲಿ ಕರೆಂಟ್ ಹರಿಯಲ್ಲ ಅತ್ತೆ!”

ಹೇಳಿ ಮುಗಿಸಿದ ಮೇಲೆ ಕೈಯಲ್ಲಿದ್ದ ಹಾರವನ್ನು, ಮೂರು ದಿನದಲ್ಲಿ ಮೊದಲ ಬಾರಿಗೆ, ಕಣ್ಣಿಗೊತ್ತಿಕೊಳ್ಳದೆ ಕಣ್ಣುಬಿಟ್ಟು ನೋಡಿದೆ. ಬಾಡಿದ ಎಸಳುಗಳ ನಡುವೆ ಏನೋ ಮಿನುಗಿತು. ನೂಲಲ್ಲ, ತಾಮ್ರದ ತೆಳು ತಂತಿ. ಎರಡೂ ತುದಿ ಮೀಸೆಯಂತೆ ಹೊರಗೆ ಚಾಚಿದ್ದವು. ಬಾನೆಟ್ಟು ಮುಚ್ಚಿದಾಗ ಹಾರ ಅದುಮಿಕೊಂಡು, ಗಾಡಿ ಕುಲುಕಿದಾಗ ಒಂದು ತುದಿ ಕಾಯಿಲಿನಲ್ಲಿ ವೈರು ಕೂಡುವ ಸ್ಕ್ರೂಗೆ, ಇನ್ನೊಂದು ಜೀಪಿನ ಕಬ್ಬಿಣದ ಮೈಗೆ ತಾಗುತ್ತಿತ್ತು. ಪ್ಲಗ್ಗಿನಲ್ಲಿ ಕಿಡಿಯಾಗಬೇಕಾದ ಕರೆಂಟು ಮೈಗೆ ಹರಿದು ಹೋಗುತ್ತಿತ್ತು. ಕಾಯಿಲ್ ಕಾಯುತ್ತಿದ್ದದ್ದೂ ಅದಕ್ಕೇ. ಪ್ರತಿ ಪರೀಕ್ಷೆಗೂ ಮೊದಲು ತಪ್ಪನ್ನು ಭಕ್ತಿಯಿಂದ ಎತ್ತಿಟ್ಟು, ಪರೀಕ್ಷೆ ಮುಗಿದ ಮೇಲೆ ಭಕ್ತಿಯಿಂದ ವಾಪಸು ಹಾಕುತ್ತಿದ್ದವಳು ನಾನೇ! ಹದಿನೆಂಟು ವರ್ಷದ ಟೆಸ್ಟಿಂಗ್ ಅನುಭವ ಅಲ್ಲೇ ಮಣ್ಣುಪಾಲಾಯಿತು. ಫುಟ್‌ಪಾತಿನ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

“ಈ ತಂತಿ ಎಲ್ಲಿತ್ತು ಅತ್ತೆ?”

“ನಿನ್ನ್ ಟೂಲ್ ಡಬ್ಬಿಯಲ್ಲೇ ಇತ್ತಲೆ” ಎಂದವರು ನನ್ನ ಮುಖ ನೋಡಿ ಥಟ್ಟನೆ ಬೆಳ್ಳುಳ್ಳಿ ಕೆಳಗಿಟ್ಟರು. “ನನ್ನಿಂದ ಆದ್ದಾ?” ಅವರ ಮುಖ ಸಣ್ಣದಾಯಿತು. ನಾನು ಮಾತಾಡುವ ಮುಂಚೆಯೇ ಕೈ ಹಿಡಿದುಕೊಂಡರು. “ಮಗನ್ ಹತ್ರ ಹೇಳ್ಬೇಡ ಮಾರಾಯ್ತಿ. ಊರಿಗೆಲ್ಲ ಫೋನ್ ಮಾಡಿ ನೆಗಾಡ್ತ.”

ಹೇಳುವುದಿಲ್ಲ ಎಂದೆ. ಹಾರವನ್ನು ಅವರ ಕೈಗೇ ಕೊಟ್ಟು, ಬಾನೆಟ್ಟು ಮುಚ್ಚಿ, ಜೀಪು ಹತ್ತಿ ಹೈಸ್ಟ್ರೀಟಿನ ತುದಿಯವರೆಗೆ ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ. ಬರುವಾಗ ಒಬ್ಬಳೇ ಜೋರಾಗಿ ಹಾಡುತ್ತಿದ್ದೆ.

ಗಂಡ ಗೇಟಿನ ಬಳಿ ನಿಂತಿದ್ದರು. “ಏನಾಗಿತ್ತು?”

“ಒಂದು ತಂತಿ ತಾಗ್ತಿತ್ತು. ತೆಗೆದೆ.”

“ಯಾವ ತಂತಿ?”

“ನಂದೇ. ಟೂಲ್‌ಬಾಕ್ಸಿಂದು.”

“ಅಲ್ಲಿಗೆ ಹೇಗೆ ಹೋಯ್ತು?”

“ಗೊತ್ತಿಲ್ಲ” ಎಂದೆ. ಕೊಟ್ಟ ಮಾತು ಎರಡಾಗಿತ್ತು. ಅವರಿಗೆ ಕೊಟ್ಟದ್ದು ಗಾಡಿ ಮಾರುವ ಮಾತು, ಅತ್ತೆಗೆ ಕೊಟ್ಟದ್ದು ಗಾಡಿ ಉಳಿಸಬಲ್ಲ ಒಂದೇ ಸಂಗತಿಯನ್ನು ಮುಚ್ಚಿಡುವ ಮಾತು.

“ನಿಂಗೇ ಗೊತ್ತಿಲ್ಲ ಅಂದ್ಮೇಲೆ ನಾಳೆ ಇನ್ನೊಂದು ತಾಗತ್ತೆ. ಬೇಡ ಬಿಡು, ಅವನು ಬಂದೇ ಬಿಟ್ಟ” ಎಂದರು. ನಿಜವಾಗಿಯೂ ಬೀದಿಯ ತುದಿಯಲ್ಲಿ ಟ್ರೈಲರ್ ಕಾಣಿಸಿತು. ನನಗೆ ಅಳು ಬಂತು. ಕೈಯಲ್ಲಿದ್ದ ಕೀಲಿಯನ್ನು ಬಿಗಿಯಾಗಿ ಹಿಡಿದು ನಿಂತೆ.

ಆ ಮನುಷ್ಯ ಇಳಿದು, ಜೀಪಿನ ಸುತ್ತ ಒಂದು ಸುತ್ತು ಬಂದು, ಕೊಂಡಿ ಹಾಕಲು ಬಾಗಿದ. ಅಷ್ಟರಲ್ಲಿ ಅತ್ತೆ ಮನೆಯಿಂದ ಹೊರಬಂದರು. ಸೀರೆಯ ಮೇಲೆ ಹೊಸ ಕೋಟು, ಕಾಲಿಗೆ ಕಾಲುಚೀಲ, ಬೂಟು. ಯಾರನ್ನೂ ನೋಡದೆ ಬಂದು, ಮುಂದಿನ ಸೀಟಿಗೆ ಹತ್ತಿ, ಬೆಲ್ಟು ಹಾಕಿಕೊಂಡು ಕೂತರು.

“ಅಮ್ಮ, ಎಂತ ಮಾಡ್ತೆ? ಇಳಿ” ಎಂದರು ಗಂಡ.

“ಇಳುದಿಲ್ಲೆ. ಗಾಡಿದ್ದೂ ತಪ್ಪಲ್ಲ, ಅವ್ಳದ್ದೂ ತಪ್ಪಲ್ಲ. ಆ ತಂತಿ ಸುತ್ತಿ ಹೂ ಕಟ್ಟದ್ದ್ ನಾನ್.” ಬೆಲ್ಟನ್ನು ಇನ್ನೊಮ್ಮೆ ಬಿಗಿದುಕೊಂಡು ಹೇಳಿದರು: “ತಪ್ಪ್ ನಂದ್ ಮಗಾ. ಮಾರುದಾರೆ ನನ್ನನ್ನೂ ಸೇರ್ಸಿ ಮಾರ್.”

ಹನ್ನೆರಡು ವರ್ಷದಿಂದ ಅವರ ಸೊಸೆ ನಾನು, ನಲವತ್ತೆಂಟು ವರ್ಷದ ಮಗ ಅವರು. ತಪ್ಪು ನಂದು ಎಂಬ ಮಾತನ್ನು ಆ ಬಾಯಿಂದ ಇಬ್ಬರೂ ಕೇಳಿದ್ದು ಅದೇ ಮೊದಲು. ಟ್ರೈಲರಿನವನು ಏನೂ ಅರ್ಥವಾಗದೆ ಒಳಗಿದ್ದ ಅಜ್ಜಿಯನ್ನು ನೋಡಿದ, ನಮ್ಮನ್ನು ನೋಡಿದ, ಏನು ಮಾಡಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಕ್ಷಮಿಸಿ, ಗಾಡಿ ಕೊಡೋದಿಲ್ಲ” ಎಂದು ನನ್ನ ಗಂಡ ಅವನ ಭಾಷೆಯಲ್ಲೇ ಹೇಳಿದರು. ಅವನು ಹೆಗಲು ಕುಣಿಸಿ, ನಕ್ಕು, ಹೊರಟುಹೋದ.

ನಾನು ಓಡಿ ಹೋಗಿ ಸ್ಟಿಯರಿಂಗಿನ ಹಿಂದೆ ಕೂತೆ. ಕಣ್ಣು ಒರೆಸಿಕೊಳ್ಳುವುದೋ ನಗುವುದೋ ತಿಳಿಯಲಿಲ್ಲ. ಅತ್ತೆ ಮುಂದಿನ ಗಾಜಿನಲ್ಲೇ ಕಣ್ಣು ನೆಟ್ಟಿದ್ದರು, ಆದರೆ ಅವರ ಕೈ ನನ್ನ ಮೊಣಕಾಲಿನ ಮೇಲಿತ್ತು. ಕೀಲಿ ತಿರುಗಿಸಿದೆ. ಜೀಪು ಒಂದೇ ಸಲಕ್ಕೆ ಗುಡುಗಿತು. ಆಗ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ನನ್ನ ಗಂಡ ಹತ್ತಿ, ಕಾಲು ಮಡಚಿಕೊಂಡು ಕೂತು, ಬಾಗಿಲು ಎಳೆದುಕೊಂಡರು.