ಬೂದುಬಣ್ಣಕ್ಕೆ ಬೇಕಾದ ಚಿಟಿಕೆ ಕೆಂಪು

ಇವತ್ತು ಬೆಳಿಗ್ಗೆ ನರೋಡಾ ಕೈಗಾರಿಕಾ ಪ್ರದೇಶ ದಾಟುವಾಗ ಕಾರಿನ ಗಾಜು ಇಳಿಸಿದೆ. ಬಣ್ಣದ ಕಾರ್ಖಾನೆಗಳ ಹುಳಿ ಹುಳಿ ಬಿಸಿ ವಾಸನೆ ಒಳನುಗ್ಗಿತು. ಡ್ರೈವರ್ ಮೂಗು ಮುಚ್ಚಿಕೊಂಡ. ನಾನು ತವರಿನ ಒಗ್ಗರಣೆಯ ಘಮ ಸಿಕ್ಕವಳಂತೆ ಉಸಿರೆಳೆದುಕೊಂಡೆ. ನಗಬೇಡಿ. ನನಗೆ ವಿದ್ಯೆ ಹತ್ತಿದ್ದು ಈ ವಾಸನೆಯಲ್ಲೇ.

ಗದಗಿನಲ್ಲಿ ಬಿ.ಇ. ಮುಗಿಸಿ ಬಂದ ಹೊಸತರಲ್ಲಿ, ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ನನಗೆ ಕಂಪ್ಯೂಟರ್ ಕೆಲಸ. ಯಾವ ಬಟ್ಟೆಗೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಹೇಳುವ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅದರ ಬಗ್ಗೆ ನನಗಿದ್ದ ಜಂಬವನ್ನು ಬಟ್ಟೆಗೆ ಹಚ್ಚಿದ್ದರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಆಗಲೇ ಸಾಫ್ಟ್‌ವೇರ್‌ನಲ್ಲಿ ಎಂ.ಟೆಕ್ ಓದಬಯಸುವವರಿಗೆ ವಿದ್ಯಾರ್ಥಿವೇತನವೊಂದರ ಪ್ರಕಟಣೆ ಕಣ್ಣಿಗೆ ಬಿತ್ತು. ಅದು ಸಿಗದೆ ಓದುವ ಮಾತೇ ಇರಲಿಲ್ಲ. ಅರ್ಜಿ ಬರೆದು, ಆಗ ನಾನಿದ್ದ ಮಣಿನಗರದ ಪಕ್ಕದ ಮನೆಯ ಗಿರಿಜಕ್ಕನಿಗೆ ಓದಿ ಹೇಳಿದೆ. ವಿಜಯಪುರದ ಕಡೆಯವರು, ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ಕೂತು, ಜನರ ಸುಳ್ಳನ್ನು ಗಾಜಿನಾಚೆಯಿಂದಲೇ ಹಿಡಿಯುವವರು.

"ಭಾಳ ಛಲೋ ಐತಿ," ಅಂದರು ಹೆಸರುಕಾಳು ಆರಿಸುತ್ತ. "ಆದ್ರ ಇದರಾಗ ನೀ ಎಲ್ಲಿ ಅದಿಯವ್ವ? ಆ ಬೂದು ಬಟ್ಟೀದು ಯಾಕ ಬರದಿಲ್ಲ?"

ಆ ಕಥೆಯನ್ನು ಅತ್ತುಕೊಂಡು ನಾನೇ ಅವರಿಗೆ ಹೇಳಿದ್ದೆ. ಬೂದು ಆಗಬೇಕಾದ ಒಂದಿಡೀ ಲೋಡು ಬಟ್ಟೆ ಹಸಿರು ಹಸಿರಾಗಿ ಹೊರಬಂದಿತ್ತು. ಬಣ್ಣ ತೂಗುವ ರಮೀಲಾಬೆನ್ ಇದರಲ್ಲಿ ಕೆಂಪೇ ಇಲ್ಲವೆಂದು ಮೊದಲೇ ಎಚ್ಚರಿಸಿದ್ದರು: "ಬೇಟಾ, ಇಸ್‌ಮೇ ಲಾಲ್ ನಹೀ ಹೈ." ನಾನು ಕಂಪ್ಯೂಟರ್ ಪರದೆ ತೋರಿಸಿ ಆ ಹಿರಿಯ ಹೆಂಗಸಿನ ಬಾಯಿ ಮುಚ್ಚಿಸಿದ್ದೆ. ಬೂದುಬಣ್ಣಕ್ಕೆ ಬೇಕಾದ ಚಿಟಿಕೆ ಕೆಂಪನ್ನು ನನ್ನ ಪ್ರೋಗ್ರಾಂ ತೀರ ಕಡಿಮೆಯೆಂದು ಸೊನ್ನೆಗಿಳಿಸಿ ಕೈಬಿಟ್ಟಿತ್ತು.

"ಅದನ್ನ ಬರದ್ರ ಯಾರು ಕೊಡ್ತಾರಕ್ಕಾ?"

"ಬರೀಲಿಲ್ಲಂದ್ರ ಯಾಕ ಕೊಡಬೇಕು? ಈ ಕಾಗದದಾಗಿನ ಹುಡುಗಿಗೆ ಕಲಿಯೋದು ಏನೂ ಉಳದಿಲ್ಲಲ್ಲ!"

ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅರ್ಜಿ ಹರಿದು, ನಡೆದದ್ದನ್ನು ನಡೆದಂತೆ ಬರೆದೆ.

ಸಂದರ್ಶನ ವಡೋದರಾದಲ್ಲಿ. ವಯಸ್ಸಾದ ಪ್ರೊಫೆಸರಮ್ಮ ಒಬ್ಬರು ಕನ್ನಡಕದ ಮೇಲಿಂದ ನೋಡಿ, "ಆಮೇಲೆ ಏನು ಮಾಡಿದಿರಿ?" ಎಂದರು.

"ರಮೀಲಾಬೆನ್ ಅವರ ಕ್ಷಮೆ ಕೇಳಿದೆ. ಅವರಿಗೆ ಸಂಶಯ ಬಂದರೆ ಕೆಲಸ ಅಲ್ಲೇ ನಿಲ್ಲುವಂತೆ ಪ್ರೋಗ್ರಾಂ ತಿದ್ದಿದೆ."

"ಸರಿಹೋಯಿತಲ್ಲ. ಇನ್ನು ಓದುವುದು ಯಾತಕ್ಕೆ?"

"ಬಟ್ಟೆ ಕೆಡುವ ಮೊದಲೇ ತಪ್ಪು ಹಿಡಿಯುವುದು ಹೇಗೆಂದು ನನಗಿನ್ನೂ ಗೊತ್ತಿಲ್ಲ ಮೇಡಂ."

ಗೊತ್ತಿಲ್ಲ ಎನ್ನುವಾಗ ದನಿ ನಡುಗಲಿಲ್ಲ. ಅಷ್ಟು ಧೈರ್ಯ ಗೊತ್ತಿದ್ದದ್ದನ್ನು ಹೇಳುವಾಗಲೂ ನನಗೆ ಬಂದಿರಲಿಲ್ಲ. ಆಯ್ಕೆಯ ಪತ್ರ ಬಂದ ದಿನ, ಗಿರಿಜಕ್ಕ ನನ್ನ ಬಾಯಿಗೆ ಬೆಲ್ಲ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಡ್ಯೂಟಿಗೆ ಹೋದರು.

ಇವತ್ತು ನಾನು ಹೊರಟಿದ್ದೂ ಅಂಥದೇ ಸಂದರ್ಶನಕ್ಕೆ. ಈ ಸಲ ಪ್ರಶ್ನೆ ಕೇಳುವವಳಾಗಿ, ಮೇಜಿನ ಈಚೆ ಬದಿಗೆ. ಮೊದಲು ಬಂದವಳು ಸೂರತ್ ಹತ್ತಿರದ ಸಚಿನ್ ಎಂಬ ಊರಿನ ಹುಡುಗಿ. ತನ್ನ ಸಾಧನೆಗಳನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದಳು. ನಾನು ಫೈಲು ಮುಚ್ಚಿದೆ.

"ನಿನ್ನ ಕೈಯಲ್ಲಿ ಕೆಟ್ಟುಹೋದದ್ದು ಏನಾದರೂ ಇದೆಯಾ?"

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಇದೆ ಮೇಡಂ. ಹೇಳೋಕೆ ಸ್ವಲ್ಪ ಹೊತ್ತು ಬೇಕು."