ಮುಕರ್ರಮಾ ಖೋಲಾ ತಡೆದಿಟ್ಟ ಮಾತು

ಮರ್ಗಿಲಾನಿನ ಹಿಪ್ಪುನೇರಳೆ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಹೆಣ್ಣುಮಕ್ಕಳು ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದಾರೆ. ಅವರ ನಡುವೆ ಎಡಮೊಣಕಾಲು ಎಳೆಯುತ್ತಾ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ ಮುಕರ್ರಮಾ ಖೋಲಾ ನಡೆಯುತ್ತಿದ್ದಾರೆ. ನೋಡಿದವರಿಗೆ ವಾಯುವಿಹಾರ. ಅಸಲಿಗೆ ಅದು ಕೆಲಸ. ಯಾರು ಮೂಲೆ ಬಿಟ್ಟು ಗುಡಿಸಿದಳು, ಯಾರು ಪಕ್ಕದ ಮನೆಯ ಮುಂದಕ್ಕೂ ಎರಡು ಬೀಸು ಎಳೆದಳು, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ.

ಊರಿಗೆಲ್ಲ ಅವರು ಖೋಲಾ, ಅಂದರೆ ಚಿಕ್ಕಮ್ಮ. ಗಂಡಿನ ಕಡೆಯಿಂದ ಹೆಣ್ಣಿನ ಮನೆಗೆ ಮಾತು ಒಯ್ಯುವುದು ಅವರ ಕಾಯಕ. ಮೂವತ್ತೊಂದು ವರ್ಷದಲ್ಲಿ ಇನ್ನೂರ ಹನ್ನೆರಡು ಮದುವೆ. ದಿನಕ್ಕೆ ಮೂರು ಮನೆ, ಮನೆಗೆರಡು ಹೂಜಿ ಚಹಾ. ಕೊನೆಗೆ ಸಿಗುವುದು ಒಂದು ಉಡುಪಿನ ಬಟ್ಟೆ, ಮದುವೆಮನೆಯ ಪಲಾವು. ಫೋಟೋದಲ್ಲಿ ಮಾತ್ರ ಎಲ್ಲೂ ಇರುವುದಿಲ್ಲ. "ಜೋಡಿ ಚೆನ್ನಾಗಿದ್ರೆ ಹಣೆಬರಹ ಅಂತಾರೆ, ಕೆಟ್ರೆ ಮುಕರ್ರಮಾ ಅಂತಾರೆ" ಎಂದು ನಗುತ್ತಾರೆ.

ಗಂಡುಗಳನ್ನು ಬಣ್ಣಿಸುವುದರಲ್ಲಿ ಅವರು ಬಲು ಜಿಪುಣಿ. ಕೂದಲಿಗೆ ಎಣ್ಣೆ, ಶೂಗೆ ಪಾಲಿಶ್, ತಲೆಯೊಳಗೆ ಏನೂ ಇಲ್ಲ ಎಂದರೆ ಅವನು 'ಒಲಿಫ್ತಾ', ನಮ್ಮ ಷೋಕಿಲಾಲ. ನಾಲ್ಕು ಜನರ ಮುಂದೆ ಠೀಕಾಗಿ ಕೂತೇಳಬಲ್ಲವನು 'ಅದಬಿನ ಹುಡುಗ'. ಇವೆರಡನ್ನೂ ಧಾರಾಳವಾಗಿ ಹಂಚುತ್ತಾರೆ. ಇನ್ನೊಂದು ಮಾತಿದೆ, 'ಖುಷ್‌ಮುವಾಮಲಾ'. ಇದ್ದ ಕಡೆ ಇದ್ದವರನ್ನೆಲ್ಲ ಹಗುರಮಾಡುವವನು, ತಾನು ಮೆರೆಯದೆ ಎದುರಿನವರನ್ನು ಮೆರೆಸುವವನು. ಖೋಲಾ ಬಾಯಿಂದ ಆ ಮಾತು ಬಂದರೆ ಹೆಣ್ಣಿನ ತಾಯಿ ಮತ್ತೇನೂ ಕೇಳುತ್ತಿರಲಿಲ್ಲ. ಹದಿನಾಲ್ಕು ಹುಡುಗರಿಗೆ ಕೊಟ್ಟಿದ್ದಾರೆ. ಹದಿನಾಲ್ಕನೆಯದು ತಪ್ಪಿತು.

ಒಂಬತ್ತು ವರ್ಷದ ಹಿಂದಿನ ಮಾತು. ರೇಷ್ಮೆ ನೇಯುವ ತುರ್ಸುನೋಯ್ ಅವರ ಮಗಳು ಮೋಹಿರಾಗೆ ಒಬ್ಬನನ್ನು ತಂದರು. ಹುಡುಗ ಬಟ್ಟಲಿಗೆ ಎರಡೇ ಗುಟುಕು ಚಹಾ ಬಗ್ಗಿಸಿ, ಎದೆಯ ಮೇಲೆ ಕೈಯಿಟ್ಟು ಕೊಟ್ಟ ಚೆಂದಕ್ಕೆ ಖೋಲಾ ಕರಗಿ ಆ ಮಾತು ಕೊಟ್ಟುಬಿಟ್ಟರು. ನೆಂಟರ ಮುಂದೆ ಜೇನು ಸುರಿಸುತ್ತಿದ್ದ ಅವನು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಜೊತೆ ಹನ್ನೊಂದು ದಿನ ಮಾತೇ ಆಡಲಿಲ್ಲ. ಎರಡನೇ ವರ್ಷಕ್ಕೆ ಮೋಹಿರಾ ತವರಿಗೆ ವಾಪಸ್ಸು ಬಂದಳು, ನಗು ಬಿಟ್ಟು ಬಂದಳು. ಅಂದಿನಿಂದ ಖೋಲಾ ಆ ಮಾತನ್ನು ಯಾರಿಗೂ ಕೊಟ್ಟಿಲ್ಲ. "ಊಟ ಸೇರ್ತಿರಲಿಲ್ಲ ನಂಗೆ. ದಿನಾ ಬೆಳಗ್ಗೆ ಅವಳು ಗುಡಿಸೋದನ್ನ ನೋಡ್ಕೊಂಡೇ ಹೋಗ್ಬೇಕಲ್ಲ."

ಈ ವಾರ ಅದೇ ಮನೆಯ ಬಾಗಿಲು ತಟ್ಟಬೇಕಾಗಿದೆ. ಫ್ರಿಜ್ ರಿಪೇರಿ ಮಾಡುವ ಒಯ್ಬೆಕ್, ಮೂವತ್ನಾಲ್ಕು ವರ್ಷದವನು, ಮೋಹಿರಾಳನ್ನೇ ಕೇಳುತ್ತಿದ್ದಾನೆ. ತುರ್ಸುನೋಯ್ ಮೊದಲೇ ಹೇಳಿ ಕಳಿಸಿದ್ದಾರೆ: "ಅಕ್ಕಾ, ಬನ್ನಿ, ಬೇಡ ಅನ್ನಲ್ಲ. ಆದ್ರೆ ಆ ಮಾತನ್ನ ಮಾತ್ರ ನಮ್ಮ ಹೊಸಿಲು ದಾಟಿಸಬೇಡಿ."

ಮೊದಲು ಹುಡುಗನ ಕೈಯ ಚಹಾ ಕುಡಿಯಬೇಕು. ಮಂಗಳವಾರ ಹೋಗುತ್ತಾರೆ. ಒಯ್ಬೆಕ್ ಹೂಜಿ ಎತ್ತುತ್ತಾನೆ, ಗಡಿಬಿಡಿಯಲ್ಲಿ ಬಟ್ಟಲನ್ನು ಅಂಚಿನವರೆಗೂ ತುಂಬಿಸಿಬಿಡುತ್ತಾನೆ. ದೇವರೇ! ಬಂದವರಿಗೆ ಎರಡು ಗುಟುಕು ಕೊಟ್ಟರೆ 'ಇನ್ನೂ ಕೂತಿರಿ' ಎಂದು. ತುಂಬಿಸಿ ಕೊಟ್ಟರೆ 'ಕುಡಿದು ಎದ್ದು ನಡಿ' ಎಂದು.

ಅವನ ತಾಯಿ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ಮಂಕೇ! ಹೆಣ್ಣು ತರೋರನ್ನೇ ಮನೆಯಿಂದಾಚೆ ಅಟ್ತೀಯಲ್ಲೋ!"

ಖೋಲಾ ಅವನ ಮುಖವನ್ನೇ ನೋಡುತ್ತಾರೆ. ಹೊರಗಿನವರ ಮುಂದೆ ತಾಯಿ ಬೈದರೆ ಎಂಥವನ ಮುಖವೂ ಹುಳ್ಳಗಾಗುತ್ತದೆ. ಇವನದು ಆಗುವುದಿಲ್ಲ. "ಅಮ್ಮಾ, ಈ ಬಟ್ಟಲು ಖೋಲಾಗಲ್ಲ, ನಂಗೆ. ಎದ್ದು ಹೋಗ್ಬೇಕಾದವನು ನಾನು" ಎಂದು ಬಿಸಿಬಿಸಿ ಚಹಾವನ್ನು ಊದಿ ಊದಿ ಕುಡಿದು, ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾನೆ. ಆಮೇಲೆ ಟಕ್ ಟಕ್ ಸದ್ದು.

"ಯಾರು?" ತಾಯಿಗೆ ಆಗಲೇ ನಗು ತಡೆಯಲಾಗುತ್ತಿಲ್ಲ.

"ಫ್ರಿಜ್ ರಿಪೇರಿಯವನು. ಚಹಾ ಬಗ್ಗಿಸೋದೂ ಸ್ವಲ್ಪ ಕಲ್ತಿದೀನಿ. ಒಳಗೆ ಬರ್ಬಹುದಾ?"

ಈ ಸಲ ಎರಡು ಗುಟುಕು, ಹದವಾಗಿ. ಖೋಲಾ ಕುಡಿಯುತ್ತಾರೆ. ನಾಲಿಗೆಯ ತುದಿಗೆ ಬಂದ ಮಾತನ್ನು ಚಹಾದ ಜೊತೆಗೇ ನುಂಗುತ್ತಾರೆ.

ಮರುದಿನ ತುರ್ಸುನೋಯ್ ಮನೆಯಲ್ಲಿ ಅವರು ಹುಡುಗನನ್ನು ಹೊಗಳುವುದಿಲ್ಲ, ಬಣ್ಣಿಸುವುದೂ ಇಲ್ಲ. ಬಟ್ಟಲು ತುಂಬಿದ್ದು, ತಾಯಿ ಬೈದದ್ದು, ಬಾಗಿಲು ತಟ್ಟಿದ್ದು, ಇಷ್ಟನ್ನೇ ಹೇಳುತ್ತಾರೆ. "ಒಂದ್ಸಲ ಮೋಸಹೋದ ಕಣ್ಣಿದು, ತುರ್ಸುನೋಯ್. ನೋಡಿದ್ದನ್ನ ಹೇಳ್ದೆ. ತೂಗೋದು ನೀವೇ."

ಪರದೆಯ ಹಿಂದಿನಿಂದ ಒಂದು ನಗು ಕೇಳಿಸುತ್ತದೆ. ತಡೆಯಲು ಹೋಗಿ ತಡೆಯಲಾಗದೆ ಹೊರಗೆ ಬಿದ್ದ ನಗು. ತುರ್ಸುನೋಯ್ ತಿರುಗಿ ನೋಡುತ್ತಾರೆ. ಆ ಮನೆಯಲ್ಲಿ ಅದು ಕೇಳಿ ಏಳು ವರ್ಷವಾಗಿತ್ತು.

ಮೋಹಿರಾ ಪರದೆ ಸರಿಸಿ ಹೊರಗೆ ಬರುತ್ತಾಳೆ. "ಅವರು ತಮ್ಮ ಮನೆ ಬಾಗಿಲನ್ನೇ ತಟ್ಟಿದ್ರಾ, ಖೋಲಾ?"

"ತಟ್ಟಿದ ಕಣಮ್ಮ."

"ಅಮ್ಮನ ಮೇಲೆ ಸಿಟ್ಟಾಗ್ಲಿಲ್ವಾ? ನೀವು ಎದ್ದು ಬಂದ ಮೇಲೂ?"

"ಅದೇ ಭಯಕ್ಕೆ, ಎದ್ದು ಬಂದ ಮೇಲೆ ಅವರ ಬಾಗಿಲಾಚೆ ಹತ್ತು ನಿಮಿಷ ನಿಂತು ಕೇಳಿದೆ. ನಾಚಿಕೆ ಬಿಟ್ಟು ನಿಂತೆ. ಇಬ್ಬರೂ ಇನ್ನೂ ನಗ್ತಾನೇ ಇದ್ರು."

ಮೋಹಿರಾ ತಾಯಿಯ ಮುಖ ನೋಡುತ್ತಾಳೆ, ಖೋಲಾ ಮುಖ ನೋಡುತ್ತಾಳೆ. "ಹಾಗಾದ್ರೆ ಖುಷ್‌ಮುವಾಮಲಾ ಅನ್ನಿ. ಅದನ್ಯಾಕೆ ನುಂಗ್ತೀರಿ?"

ಮುಕರ್ರಮಾ ಖೋಲಾ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ತುರ್ಸುನೋಯ್ ಮೂಗೆಳೆದುಕೊಂಡು, "ಶುಕ್ರವಾರ ರೊಟ್ಟಿ ಮುರಿದು ಮದುವೆ ಮಾತು ಗಟ್ಟಿಮಾಡೋಕೆ ಬರ್ಲಿ. ಚಹಾ ಮಾತ್ರ ನಾನೇ ಬಗ್ಗಿಸ್ತೀನಿ" ಎನ್ನುತ್ತಾರೆ.

ಗುರುವಾರದ ಬೆಳಕಿನಲ್ಲಿ ಖೋಲಾ ಮತ್ತೆ ಬೀದಿಗಿಳಿದಿದ್ದಾರೆ. ಮೋಹಿರಾ ಗುಡಿಸುತ್ತಾ ಕೈ ಬೀಸುತ್ತಾಳೆ, ಇವರೂ ಬೀಸುತ್ತಾರೆ. ಈ ಮದುವೆಯಿಂದ ನಿಮಗೇನು ಬೇಕು ಎಂದು ಕೇಳಿದರೆ, ಬಟ್ಟೆಗಿಟ್ಟೆ ಬೇಡ ಎಂದು ಮೊಣಕಾಲು ನೀವಿಕೊಳ್ಳುತ್ತಾರೆ.

"ಮದುವೆ ದಿನ ಆ ಹುಡುಗನ ಕೈಯಿಂದ ಒಂದು ಬಟ್ಟಲು ಚಹಾ. ಅಂಚಿನವರೆಗೂ ತುಂಬಿಸಿ ಕೊಡ್ಲಿ. ಕುಡಿದು, ಹಗುರಾಗಿ ಎದ್ದು ಮನೆಗೆ ಹೋಗ್ತೀನಿ."